‘ನನ್ನ ಕೈಯಲ್ಲಿ ಶಕ್ತಿ ಇದೆ’ ಎನ್ನುವ ಮಗಳು

ಪ್ರಶ್ನೆ: ನನ್ನ ತವರು ಕಾರವಾರದ ಹತ್ತಿರ, ಕಡಲಂಚಿನಲ್ಲಿ. ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದೆ. ಗಂಡನೊಂದಿಗೆ ಹೊಂದಿಕೆಯಾಗದೆ ಈ ಮಳೆಗಾಲದಲ್ಲಿ ಏಳು ವರ್ಷದ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದೆ. ವಿಚ್ಛೇದನ ಪಡೆಯುವುದೆಂದು ಇಬ್ಬರೂ ತೀರ್ಮಾನಿಸಿದ್ದೇವೆ. ಮಗಳಿಗೆ ಮಾತ್ರ ‘ಪಪ್ಪನಿಗೆ ಕೆಲಸ ಜಾಸ್ತಿ, ಆಮೇಲೆ ಬರುತ್ತಾರೆ’ ಎಂದು ಹೇಳಿದ್ದೇನೆ. ದೀಪಾವಳಿ ಅಮಾವಾಸ್ಯೆಯ ರಾತ್ರಿ ನನ್ನ ತಮ್ಮನ ಜೊತೆ ದೋಣಿಗಳಿರುವ ಕಡೆ ಹೋದವಳು ನೀರಿನಲ್ಲಿ ಕೈಯಾಡಿಸಿದಾಗ ನೀರು ನೀಲಿಯಾಗಿ ಹೊಳೆಯಿತಂತೆ. ಮರುದಿನವೇ, ಬಹಳ ದಿನಗಳಿಂದ ಸುದ್ದಿಯಿಲ್ಲದ ಅವಳಪ್ಪ ಫೋನ್ ಮಾಡಿದರು. ಅಂದಿನಿಂದ ತನ್ನ ಕೈಯಲ್ಲಿ ಶಕ್ತಿ ಇದೆ, ಪಪ್ಪನನ್ನು ಕರೆಸುತ್ತೇನೆ ಎನ್ನುತ್ತಾಳೆ. ಅಜ್ಜಿ ಅದನ್ನು ನಂಬಿ ನೆರೆಯವರಿಗೆಲ್ಲ ಹೇಳಿದರು. ಬಲೆಗೆ ಕೈ ಮುಟ್ಟಿಸಿಕೊಂಡು ಹೋಗಲು ಜನ ಬರತೊಡಗಿದರು. ತಮ್ಮ ಬೈಯುತ್ತಾನೆ. ಎರಡು ವಾರದಿಂದ ನೀರು ಹೊಳೆಯುತ್ತಿಲ್ಲ, ಫೋನೂ ಇಲ್ಲ. ‘ನಾನು ಅಜ್ಜಿಗೆ ಸುಳ್ಳು ಹೇಳಿದೆ, ಅದಕ್ಕೇ ಶಕ್ತಿ ಹೋಯಿತು’ ಎಂದು ಅಳುತ್ತಾಳೆ. ದಿನವೂ ಸಂಜೆ ನೀರಿಗೆ ಕೈ ಹಾಕಿ ಇಪ್ಪತ್ತೊಂದರವರೆಗೆ ಎಣಿಸದೆ ಊಟಕ್ಕೆ ಬರುವುದಿಲ್ಲ. ನಂಬುತ್ತಾಳೋ, ನಟಿಸುತ್ತಾಳೋ ತಿಳಿಯುವುದಿಲ್ಲ. ಅವಳ ಮನಸ್ಸಿಗೆ ಏನಾದರೂ ಆಗಿದೆಯೇ? ಅದೆಲ್ಲ ಸುಳ್ಳು ಎಂದು ವಿಜ್ಞಾನ ಹೇಳಿ ಬಿಡಿಸಲೇ?

ಉತ್ತರ: ತಂಗಿ, ನಿಮ್ಮ ಪತ್ರದ ತುಂಬ ಮಗಳ ಶಕ್ತಿಯ ವಿಚಾರವಿದೆ; ‘ಪಪ್ಪ ಆಮೇಲೆ ಬರುತ್ತಾರೆ’ ಎಂಬುದು ಒಂದೇ ಸಾಲಿನಲ್ಲಿ ಮುಗಿದಿದೆ. ನನಗೆ ಆ ಒಂದು ಸಾಲೇ ಮುಖ್ಯವಾಗಿ ಕಂಡಿತು. ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ಹೆದರಿಕೆಗೆ ಉತ್ತರ ಹೇಳಿಬಿಡುತ್ತೇನೆ.

ನೀವು ಬರೆದಿರುವಷ್ಟರಲ್ಲಿ ಮಾನಸಿಕ ಕಾಯಿಲೆಯ ಲಕ್ಷಣ ನನಗೆ ಕಾಣುವುದಿಲ್ಲ. ಸಂಕಟದಲ್ಲಿರುವ ಬುದ್ಧಿವಂತ ಮಗು ಕಾಣುತ್ತದೆ. ಸ್ವಿಸ್ ಮನೋವಿಜ್ಞಾನಿ ಜಾನ್ ಪಿಯಾಜೆ ಚಿಕ್ಕ ಮಕ್ಕಳನ್ನು ಚಂದ್ರನ ಬಗ್ಗೆ ಕೇಳಿದಾಗ, ನಾವು ನಡೆದರೆ ಅವನೂ ನಮ್ಮ ಹಿಂದೆಯೇ ಬರುತ್ತಾನೆ ಎಂದು ಹಲವು ಮಕ್ಕಳು ಹೇಳಿದ್ದರು. ನನ್ನ ನಡೆ, ನನ್ನ ಮಾತು, ನನ್ನ ಆಸೆಯೇ ಹೊರಗಿನದನ್ನೂ ನಡೆಸುತ್ತದೆ ಎಂಬ ಈ ನಂಬಿಕೆ ಏಳನೆಯ ವರ್ಷದ ಆಸುಪಾಸಿನಲ್ಲಿ ಸಡಿಲಗೊಳ್ಳುತ್ತ ಬರುತ್ತದೆ. ಪೂರ್ತಿ ಹೋಗುತ್ತದೆ ಎನ್ನುವಂತಿಲ್ಲ. ಎದ್ದರೆ ವಿಕೆಟ್ ಬೀಳುತ್ತದೆಂದು ಪಂದ್ಯ ಮುಗಿಯುವವರೆಗೆ ಕುರ್ಚಿ ಬಿಡದ ಗಂಡಸರನ್ನು ನಾನು ದಿನವೂ ನೋಡುತ್ತೇನೆ. ಮನೆ ಅಲುಗಾಡಿದಾಗ, ಸಡಿಲಗೊಂಡಿದ್ದ ಈ ನಂಬಿಕೆ ಮತ್ತೆ ಬಿಗಿಯಾಗುವುದೂ ಸಾಮಾನ್ಯ.

‘ನಂಬುತ್ತಾಳೋ, ನಟಿಸುತ್ತಾಳೋ ತಿಳಿಯುವುದಿಲ್ಲ’ ಎಂದೂ ಬರೆದಿದ್ದೀರಿ. ಎರಡೂ ಇರಬಹುದು. ಅಂಕೋಲಾ, ಕುಮಟಾ ಕಡೆಯ ಯಕ್ಷಗಾನದ ಬಯಲಿನಲ್ಲಿ ಮಕ್ಕಳನ್ನು ನೋಡಿ. ಚೌಕಿಯಲ್ಲಿ ಬಣ್ಣ ಬಳಿದುಕೊಳ್ಳುತ್ತ ಚಹಾ ಕುಡಿಯುತ್ತಿದ್ದವನು ಯಾರೆಂದು ಅವರಿಗೆ ಗೊತ್ತು. ಅವನೇ ರಾಕ್ಷಸನಾಗಿ ಆರ್ಭಟಿಸುತ್ತ ರಂಗಕ್ಕೆ ಬಂದಾಗ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸುತ್ತಾರೆ. ಗೊತ್ತಿರುವುದೂ ನಿಜ, ಹೆದರಿಕೆಯೂ ನಿಜ. ನಿಮ್ಮ ಮಗಳೂ ಹಾಗೆಯೇ ಇರಬಹುದು. ಆದ್ದರಿಂದ ಅವಳನ್ನು ಹಿಡಿದು ನಿಲ್ಲಿಸಿ, ‘ನಿಜ ಹೇಳು, ನಿನಗೆ ಶಕ್ತಿ ಇದೆಯಾ?’ ಎಂದು ಕೇಳಬೇಡಿ.

ಅವಳು ಯೋಚಿಸಿದ ರೀತಿಯಲ್ಲಿ ತಪ್ಪು ಹುಡುಕುವುದು ಕಷ್ಟ. ಕೈಯಾಡಿಸಿದಳು, ನೀರು ಹೊಳೆಯಿತು. ಇದು ಕಲ್ಪನೆಯಲ್ಲ, ನಿಮ್ಮ ತಮ್ಮನೂ ನೋಡಿದ್ದಾರೆ. ಮರುದಿನ ಫೋನ್ ಬಂತು. ಅದೂ ನಿಜ. ಒಂದರ ಬೆನ್ನಿಗೆ ಇನ್ನೊಂದು ಬಂದರೆ ಮೊದಲನೆಯದೇ ಕಾರಣ ಎಂದುಕೊಳ್ಳುವುದಕ್ಕೆ ಮನುಷ್ಯನೇ ಆಗಬೇಕಿಲ್ಲ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಹಸಿದ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಸಿಗುವಂತೆ ಏರ್ಪಾಡು ಮಾಡಿದ. ಕಾಳು ಬಿದ್ದಾಗ ತಿರುಗುತ್ತಿದ್ದ ಹಕ್ಕಿ ತಿರುಗುತ್ತಲೇ ಇತ್ತು. ತಲೆ ಆಡಿಸುತ್ತಿದ್ದದ್ದು ಆಡಿಸುತ್ತಲೇ ಇತ್ತು. ನಿಮ್ಮ ಮಗಳಿಗೆ ಬಿದ್ದ ಕಾಳು ಅವಳಪ್ಪನ ದನಿ.

ಇನ್ನು ನೀರಿನ ಬೆಳಕು. ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಕೆಲವು ರಾತ್ರಿ ಹೀಗೆ ಕಾಣುವುದುಂಟು. ಸಾಮಾನ್ಯವಾಗಿ ಇದಕ್ಕೆ ಕಾರಣ ನಾಕ್ಟಿಲೂಕಾ ಎಂಬ ಒಂದೇ ಕೋಶದ ಜೀವಿ. ದೊಡ್ಡದೆಂದರೆ ಒಂದೆರಡು ಮಿಲಿಮೀಟರ್. ಅಲೆ, ಹುಟ್ಟು, ಮೀನು, ಕೈ, ಯಾವುದು ಅಲುಗಿಸಿದರೂ ಅದರ ಮೈಯೊಳಗೆ ಒಂದು ರಾಸಾಯನಿಕ ಕ್ರಿಯೆ ನಡೆದು ಕ್ಷಣಕಾಲ ನೀಲಿ ಬೆಳಕು ಹೊಮ್ಮುತ್ತದೆ. ಮೀನುಗಾರರಿಗೆ ಇದು ಹೊಸದಲ್ಲ. ಕತ್ತಲೆಯ ರಾತ್ರಿ ಬೆಳಗುವ ನೀರನ್ನು ನೋಡಿ ಮೀನಿನ ಹಿಂಡು ಯಾವ ಕಡೆ ಸರಿಯುತ್ತಿದೆ ಎಂದು ಊಹಿಸುತ್ತಿದ್ದವರಿದ್ದಾರೆ. ಈಗ ದಿನಗಳನ್ನು ಹೊಂದಿಸಿ ನೋಡಿ. ಅವಳು ಕೈ ಹಾಕಿದ್ದು ದೀಪಾವಳಿ ಅಮಾವಾಸ್ಯೆಯಂದು, ಕಡುಗತ್ತಲೆಯಲ್ಲಿ. ಆಮೇಲೆ ಶುಕ್ಲಪಕ್ಷ ಏರುತ್ತ ಹೋಯಿತು, ಕಾರ್ತಿಕದ ಹುಣ್ಣಿಮೆ ಬಂತು. ಸಂಜೆಯಿಂದಲೇ ಬೆಳದಿಂಗಳಿದ್ದರೆ ಅಷ್ಟು ಮಂದವಾದ ಬೆಳಕು ಕಣ್ಣಿಗೆ ಬೀಳುವುದಿಲ್ಲ. ಆ ಜೀವಿಗಳೇ ನೀರಿನ ಸೆಳೆತಕ್ಕೆ ಬೇರೆ ಕಡೆ ಹೋಗಿರಲೂಬಹುದು. ಅವಳ ಶಕ್ತಿ ಕುಂದಿದ್ದು ಚಂದ್ರ ಬೆಳೆದದ್ದರಿಂದ. ಅಜ್ಜಿಗೆ ಹೇಳಿದ ಸುಳ್ಳಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಆದರೆ ಇದನ್ನು ಇಂದೇ ಅವಳಿಗೆ ಹೇಳಬೇಡಿ. ನೀವು ಓದಿದವರು, ವಿಜ್ಞಾನ ಹೇಳಿ ಬಿಡಿಸುವ ಆತುರ ನನಗೆ ಅರ್ಥವಾಗುತ್ತದೆ. ಪಪ್ಪ ಎಲ್ಲಿ, ಏಕೆ ಬರುತ್ತಿಲ್ಲ, ಬರುತ್ತಾರೋ ಇಲ್ಲವೋ ಎಂಬುದನ್ನು ಯಾರೂ ಹೇಳದೆ ಬಿಟ್ಟ ಮಗುವಿನ ಕೈಯಲ್ಲಿ ಈಗ ಇರುವುದು ಆ ಬೆಳಕೊಂದೇ. ಅದನ್ನು ಮೊದಲು ಕಿತ್ತುಕೊಂಡರೆ ಅವಳು ಇನ್ನೊಂದನ್ನು ಹುಡುಕುತ್ತಾಳೆ. ಇಂದು ನೀರು, ನಾಳೆ ಮೆಟ್ಟಿಲು ಎಣಿಸುವುದು, ನಾಡಿದ್ದು ಊಟ ಬಿಡುವುದು. ಮೊದಲು ಅಪ್ಪನ ವಿಷಯದ ಸತ್ಯ, ಆಮೇಲೆ ನೀರಿನ ಸತ್ಯ. ಈ ಕ್ರಮ ತಪ್ಪಿಸಬೇಡಿ.

‘ಚಿಕ್ಕವಳು, ಸತ್ಯ ತಡೆದುಕೊಳ್ಳುತ್ತಾಳೆಯೇ’ ಎಂದು ನೀವು ಕೇಳುತ್ತೀರಿ ಎಂದು ಗೊತ್ತು. ಅವಳು ಈಗ ತಡೆದುಕೊಳ್ಳುತ್ತಿರುವುದು ಅದಕ್ಕಿಂತ ಭಾರವಾದದ್ದು. ಅಮೆರಿಕದ ಮನೋವಿಜ್ಞಾನಿ ಜುಡಿತ್ ವಾಲರ್‌ಸ್ಟೈನ್ 1971ರಲ್ಲಿ ಕ್ಯಾಲಿಫೋರ್ನಿಯಾದ 60 ಕುಟುಂಬಗಳ 131 ಮಕ್ಕಳ ಅಧ್ಯಯನ ಆರಂಭಿಸಿ, ತಂದೆತಾಯಿ ಬೇರೆಯಾದ ಮೇಲೆ ಮಕ್ಕಳ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅನುಕೂಲಸ್ಥರಿದ್ದ ಒಂದೇ ಪ್ರದೇಶದ ಕುಟುಂಬಗಳು ಅವು, ಅವರ ಕೆಲವು ತೀರ್ಮಾನಗಳ ಬಗ್ಗೆ ತಕರಾರೂ ಇದೆ. ಆದರೆ ಅವರು ಕಂಡ ಎರಡು ಸಂಗತಿಗಳನ್ನು ನಮ್ಮ ಜಿಲ್ಲೆಯ ಮನೆಗಳಲ್ಲೂ ನೋಡುತ್ತೇನೆ. ಹಲವು ಮಕ್ಕಳಿಗೆ ಯಾರೂ ಏನನ್ನೂ ಬಿಡಿಸಿ ಹೇಳಿರಲಿಲ್ಲ. ಅಪ್ಪ ಅಮ್ಮ ಮತ್ತೆ ಒಂದಾಗುತ್ತಾರೆ ಎಂಬ ಆಸೆಯನ್ನು ಮಕ್ಕಳು ವರ್ಷಗಳವರೆಗೆ ಒಳಗೊಳಗೇ ಇಟ್ಟುಕೊಂಡಿದ್ದರು.

ಇಲ್ಲಿ ದೊಡ್ಡವರಿಗೆ ಸುಲಭವಾಗಿ ಹೊಳೆಯದ ಒಂದು ಮಾತಿದೆ. ಮಗುವಿಗೆ ತಪ್ಪಿತಸ್ಥಳಾಗುವುದಕ್ಕಿಂತ ಅಸಹಾಯಕಳಾಗುವುದು ಹೆಚ್ಚು ಭಯಂಕರ. ‘ನನ್ನ ಸುಳ್ಳಿನಿಂದ ಪಪ್ಪ ಬರುತ್ತಿಲ್ಲ’ ಎಂದುಕೊಂಡರೆ ನೋವಾಗುತ್ತದೆ ನಿಜ, ಆದರೆ ದಾರಿಯೊಂದು ತೆರೆದಿರುತ್ತದೆ: ಇನ್ನು ಸುಳ್ಳು ಹೇಳದಿದ್ದರೆ, ಸರಿಯಾಗಿ ಇಪ್ಪತ್ತೊಂದು ಎಣಿಸಿದರೆ, ಬಂದಾರು. ‘ನನ್ನಿಂದ ಏನೂ ಆಗುವುದಿಲ್ಲ’ ಎಂದುಕೊಂಡರೆ ಯಾವ ದಾರಿಯೂ ಇಲ್ಲ. ಆದ್ದರಿಂದ ನೀವು ‘ಇದು ನಿನ್ನ ತಪ್ಪಲ್ಲ’ ಎಂದ ಕೂಡಲೇ ಅವಳು ಹಗುರಾಗುತ್ತಾಳೆ ಎಂದು ಕಾಯಬೇಡಿ. ಸಿಟ್ಟಾಗಬಹುದು, ನಿಮಗೆ ಹೊಡೆಯಬಹುದು, ‘ನೀನೇ ಪಪ್ಪನನ್ನು ಬಿಟ್ಟು ಬಂದದ್ದು’ ಎನ್ನಬಹುದು. ಹೊಡೆತಕ್ಕೆ ಕೈ ಹಿಡಿಯಿರಿ, ಮಾತಿಗೆ ಬಾಯಿ ಮುಚ್ಚಿಸಬೇಡಿ.

ಹೇಳುವಾಗ ಚಿಕ್ಕ ವಾಕ್ಯಗಳು ಸಾಕು. ಹಗಲು ಹೊತ್ತು, ಅವಳ ಹೊಟ್ಟೆ ತುಂಬಿರುವಾಗ, ಇಬ್ಬರೇ ಇರುವಾಗ ಹೇಳಿ. ಮಲಗುವ ಹೊತ್ತಿಗೆ ಬೇಡ. ‘ಪಪ್ಪನಿಗೆ ಕೆಲಸ ಇದೆ, ಆಮೇಲೆ ಬರುತ್ತಾರೆ ಎಂದು ಆಯಿ ಹೇಳಿದ್ದೆ. ಅದು ಸರಿಯಾದ ಮಾತಲ್ಲ. ಪಪ್ಪ ಮತ್ತು ಆಯಿ ಇನ್ನು ಒಂದೇ ಮನೆಯಲ್ಲಿ ಇರುವುದಿಲ್ಲ. ಇದು ದೊಡ್ಡವರು ಮಾಡಿದ ತೀರ್ಮಾನ. ನೀನು ಮಾಡಿದ್ದರಿಂದ, ಹೇಳಿದ್ದರಿಂದ, ಮನಸ್ಸಿನಲ್ಲಿ ಅಂದುಕೊಂಡದ್ದರಿಂದ ಇದು ಆಗಲಿಲ್ಲ. ನೀನು ಏನು ಮಾಡಿದರೂ ಇದು ಬದಲಾಗುವುದೂ ಇಲ್ಲ. ಪಪ್ಪ ನಿನಗೆ ಪಪ್ಪನೇ. ನೀನು ಇಲ್ಲಿ ಆಯಿಯ ಜೊತೆ ಇರುತ್ತೀಯ, ಇದೇ ಶಾಲೆಗೆ ಹೋಗುತ್ತೀಯ.’ ಇಷ್ಟೇ. ‘ಮನಸ್ಸಿನಲ್ಲಿ ಅಂದುಕೊಂಡದ್ದರಿಂದ’ ಎಂಬುದನ್ನು ಬಿಡಬೇಡಿ. ಎಂದೋ ಸಿಟ್ಟಿನಲ್ಲಿ ‘ಪಪ್ಪ ಹೋಗಲಿ’ ಎಂದು ಅಂದುಕೊಂಡಿದ್ದರೆ ಅದನ್ನು ಅವಳು ಯಾರಿಗೂ ಹೇಳಿರುವುದಿಲ್ಲ. ಗಂಡನ ಕುಂದುಕೊರತೆಯ ಪಟ್ಟಿಯನ್ನು ಮಾತ್ರ ಬಿಚ್ಚಬೇಡಿ. ಅದಕ್ಕೆ ನಿಮ್ಮ ಗೆಳತಿಯರಿದ್ದಾರೆ, ವಕೀಲರಿದ್ದಾರೆ.

‘ಶಕ್ತಿಯಿಂದ ಕರೆಸಿದರೆ?’ ಎಂದು ಕೇಳಿಯೇ ಕೇಳುತ್ತಾಳೆ. ಶಕ್ತಿ ಇದೆಯೇ ಇಲ್ಲವೇ ಎಂಬ ಚರ್ಚೆಗೆ ಇಳಿಯದೆ, ‘ದೊಡ್ಡವರನ್ನು ಒಂದು ಮಾಡುವ ಕೆಲಸ ಮಕ್ಕಳದ್ದಲ್ಲ, ಎಷ್ಟು ಶಕ್ತಿ ಇದ್ದರೂ ಅಲ್ಲ’ ಎನ್ನಿ. ಒಂದೇ ಸಲಕ್ಕೆ ಮುಗಿಯುವ ಮಾತಲ್ಲ ಇದು. ಅವಳು ಮತ್ತೆ ಕೇಳುತ್ತಾಳೆ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ನೆಂಟರ ಎದುರಿಗೆ. ಪ್ರತಿ ಸಲವೂ ಅದೇ ಉತ್ತರ ಸಿಗಬೇಕು.

ಅವಳಪ್ಪನೊಂದಿಗೆ ನೀವು ಆಡಬೇಕಾದ ಮಾತೂ ಇದೆ. ಅವರ ಫೋನ್ ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದಿರುವುದೇ ಅವಳ ಎಣಿಕೆಯನ್ನು ಜೀವಂತ ಇಟ್ಟಿದೆ. ಯಾವತ್ತೂ ಫಲ ಸಿಗದ ಅಭ್ಯಾಸ ಬಿಟ್ಟುಹೋಗುತ್ತದೆ. ಎಂದೋ ಒಮ್ಮೆ, ನಿರೀಕ್ಷೆಯಿಲ್ಲದಾಗ ಫಲ ಸಿಗುವ ಅಭ್ಯಾಸ ಬಿಡುವುದೇ ಇಲ್ಲ. ಲಾಟರಿ ಚೀಟಿ ಕೊಳ್ಳುವವರನ್ನು ಕಟ್ಟಿಹಾಕುವುದೂ ಇದೇ. ಆದ್ದರಿಂದ ದಿನ ಮತ್ತು ಹೊತ್ತು ಗೊತ್ತುಮಾಡಿ: ಪ್ರತಿ ಭಾನುವಾರ ಸಂಜೆ ಐದು ಗಂಟೆ ಎಂದಿಟ್ಟುಕೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳ ಕೈಯಿಂದಲೇ ಗುರುತು ಹಾಕಿಸಿ. ಹೊತ್ತಿಗೆ ಸರಿಯಾಗಿ, ಎಣಿಸಿದರೂ ಎಣಿಸದಿದ್ದರೂ ಫೋನ್ ಬರತೊಡಗಿದರೆ, ನೀವು ಯಾವ ವಾದವನ್ನೂ ಮಾಡಬೇಕಿಲ್ಲ. ಅವರು ಮಾತು ತಪ್ಪಿದ ವಾರ ನೆಪ ಹೇಳಿ ಅವರನ್ನು ಕಾಪಾಡಬೇಡಿ, ಬೈಯಲೂಬೇಡಿ. ‘ಪಪ್ಪ ಮಾಡುತ್ತೇನೆಂದು ಹೇಳಿ ಮಾಡಲಿಲ್ಲ. ಅದು ಪಪ್ಪನ ತಪ್ಪು, ನಿನ್ನದಲ್ಲ’ ಎಂದರೆ ಸಾಕು.

ಮುಂದಿನ ಹೆಜ್ಜೆ ನೀರು. ಹುಣ್ಣಿಮೆ ಕಳೆದ ನಾಲ್ಕೈದು ದಿನಕ್ಕೆ ಚಂದ್ರ ತಡವಾಗಿ ಹುಟ್ಟತೊಡಗುತ್ತಾನೆ, ಸಂಜೆ ಮತ್ತೆ ಕತ್ತಲಾಗುತ್ತದೆ. ಅಷ್ಟರಲ್ಲಿ ಮೊದಲ ಮಾತು ಮುಗಿದಿದ್ದರೆ, ಅವಳನ್ನೂ ಓರಗೆಯ ಒಂದಿಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ. ಎಲ್ಲರೂ ಕೈಯಾಡಿಸಲಿ, ಮಾಮ ಹುಟ್ಟು ಆಡಿಸಲಿ. ಬೆಳಗಿದರೆ ಎಲ್ಲರ ಕೈಗೂ ಬೆಳಗುತ್ತದೆ. ಒಂದು ಬಾಟಲಿಯಲ್ಲಿ ಆ ನೀರು ತಂದು ಕತ್ತಲೆ ಕೋಣೆಯಲ್ಲಿ ಅಲ್ಲಾಡಿಸಿ ನೋಡಬಹುದು, ಬೆಳಿಗ್ಗೆ ಭೂತಗನ್ನಡಿಯಲ್ಲಿ ಚಿಕ್ಕ ಗುಳ್ಳೆಯಂತಹ ಜೀವಿಗಳನ್ನು ಹುಡುಕಬಹುದು. ಆಮೇಲೆ ಕೈ ತೊಳೆಸಿ. ಕೆಲವರ ಚರ್ಮಕ್ಕೆ ಇದು ಆಗದು. ಬೆಳಗದಿದ್ದರೆ? ಆಗಲೂ ಬಹುದು, ಆದ್ದರಿಂದ ‘ಇವತ್ತು ತೋರಿಸುತ್ತೇನೆ’ ಎಂದು ಮಾತು ಕೊಡಬೇಡಿ. ‘ಇದೆಯೋ ಇಲ್ಲವೋ ನೋಡಿ ಬರೋಣ’ ಎನ್ನಿ. ನಿಮ್ಮೂರಿಗೆ ಒಂದು ಅನುಕೂಲವಿದೆ: ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಧಾರವಾಡದಲ್ಲಲ್ಲ, ಕಾರವಾರದ ಕೋಡಿಬಾಗದಲ್ಲಿ. ಅಲ್ಲಿ ಯಾರನ್ನಾದರೂ ಕೇಳಿ ನೋಡಿ, ಸೂಕ್ಷ್ಮದರ್ಶಕದಲ್ಲಿ ತೋರಿಸುವವರು ಸಿಕ್ಕರೆ ನನ್ನ ಈ ಪುಟಕ್ಕಿಂತ ಹೆಚ್ಚಿನ ಕೆಲಸ ಅದರಿಂದಾಗುತ್ತದೆ. ಇಷ್ಟಾದ ಮೇಲೂ ಅವಳು ‘ಆದರೂ ನನಗೆ ಸ್ವಲ್ಪ ಶಕ್ತಿ ಇದೆ’ ಎಂದರೆ ಇರಲಿ ಬಿಡಿ. ಅದು ಆಟವಾಗಿ ಉಳಿದರೆ ಯಾರಿಗೂ ನಷ್ಟವಿಲ್ಲ.

ಒಂದು ಮಾತ್ರ ಇಂದಿನಿಂದಲೇ ಜಾರಿಗೆ ಬರಬೇಕು. ಕತ್ತಲಾದ ಮೇಲೆ ಅವಳು ಒಬ್ಬಳೇ ನೀರಿನ ಹತ್ತಿರ ಹೋಗಕೂಡದು. ಏಳು ವರ್ಷದ ಮಗುವನ್ನು ಎಳೆದೊಯ್ಯಲು ಮೊಣಕಾಲುದ್ದದ ನೀರಿನ ಸೆಳೆತ ಸಾಕು. ಬೈಯಬೇಡಿ, ಬೇರೆ ಯಾವ ನೆಪವನ್ನೂ ಹುಡುಕಬೇಡಿ; ಕಡಲಿಗೆ ಹೋಗುವಾಗ ದೊಡ್ಡವರೊಬ್ಬರು ಜೊತೆಗಿರಬೇಕು ಎಂಬುದು ಮನೆಯ ಎಲ್ಲ ಮಕ್ಕಳಿಗೂ ಇರುವ ನಿಯಮ.

ಅಜ್ಜಿಯ ವಿಷಯ ಸೂಕ್ಷ್ಮ. ಅವರು ಮೊಮ್ಮಗಳನ್ನು ಕೊಂಡಾಡುತ್ತಿರುವುದು ಪ್ರೀತಿಯಿಂದ. ಮನೆಗೆ ಮರಳಿದ ಮಗಳ ಬಗ್ಗೆ ಊರು ಆಡುವ ಮಾತಿಗೆ ಅವರಿಗೆ ಸಿಕ್ಕ ಉತ್ತರವೂ ಇದೇ ಇರಬಹುದು. ಆದರೂ ಬಲೆ ಮುಟ್ಟಿಸಿಕೊಳ್ಳಲು ಬರುವವರನ್ನು ಅಂಗಳದಿಂದಲೇ ಕಳುಹಿಸಬೇಕು. ಮೀನು ಬಿದ್ದ ದಿನ ಇವಳು ದೇವತೆ. ಬೀಳದ ದಿನ? ಅಪ್ಪನ ಭಾರವನ್ನೇ ಹೊರಲಾಗದ ಮಗುವಿನ ತಲೆಯ ಮೇಲೆ ಊರಿನ ದೋಣಿಗಳ ಭಾರವೂ ಬೇಕೇ? ಅಜ್ಜಿಯನ್ನು ಹೀಗೆಯೇ ಕೇಳಿ, ವಿಜ್ಞಾನ ಹೇಳಲು ಹೋಗಬೇಡಿ. ದೇವರಿಗೆ ದೀಪ ಹಚ್ಚುವಾಗ ಮೊಮ್ಮಗಳು ಜೊತೆಗಿರಲಿ, ರಾತ್ರಿ ಕಥೆ ಹೇಳುವುದು ಅವರದೇ ಪಾಲಿರಲಿ. ದಾರ ಕಟ್ಟಿಸಲೇಬೇಕೆಂದು ಹಠ ಹಿಡಿದರೆ ಒಪ್ಪಿ, ಒಂದು ಷರತ್ತಿನ ಮೇಲೆ: ಮಾಮನಿಗೂ ನಿಮಗೂ ಒಂದೊಂದು ಕಟ್ಟಿಸಲಿ. ಮಗುವೊಬ್ಬಳಿಗೇ ಕಟ್ಟಿದರೆ ‘ನನ್ನಲ್ಲೇ ಏನೋ ದೋಷ’ ಎಂದು ಅವಳು ಓದಿಕೊಳ್ಳುತ್ತಾಳೆ. ಮೈಮೇಲೆ ಬಂದದ್ದನ್ನು ಬಿಡಿಸುತ್ತೇವೆಂದು ಹೊಡೆಯುವ, ಹೊಗೆ ಹಾಕುವ ಕಡೆಗೆ ಮಾತ್ರ ಕಾಲಿಡಬೇಡಿ. ಭೂತ ಬಿಡಿಸುವ ಹೆಸರಿನ ಅಂತಹ ಹಿಂಸೆ 2017ರ ರಾಜ್ಯ ಕಾನೂನಿನ ಪ್ರಕಾರ ಅಪರಾಧ. ಇನ್ನು ನಿಮ್ಮ ತಮ್ಮ. ಬೈಯುವುದನ್ನು ಬಿಟ್ಟು ಹುಟ್ಟು ಆಡಿಸಲು ಬಂದರೆ ಸಾಕು.

ವೈದ್ಯರ ಬಳಿಗೆ ಯಾವಾಗ? ಆಟಕ್ಕೂ ಕಾಯಿಲೆಗೂ ಇರುವ ವ್ಯತ್ಯಾಸ ಅವಳ ಮುಖದಲ್ಲಿ ಕಾಣುತ್ತದೆ. ಶಕ್ತಿಯ ಮಾತಾಡುವಾಗ ಕಣ್ಣರಳಿದರೆ ಅದು ಆಟ. ಎಣಿಕೆ ತಪ್ಪಿತೆಂದು ಬೆವರಿ, ಮತ್ತೆ ಮೊದಲಿನಿಂದ ಆರಂಭಿಸಿ, ತಡೆದರೆ ಕಿರುಚಿ, ಅದು ನೀರು ಬಿಟ್ಟು ಕೈ ತೊಳೆಯುವುದಕ್ಕೂ ಬಾಗಿಲು ಮುಟ್ಟುವುದಕ್ಕೂ ಹಬ್ಬಿದರೆ ಗೀಳಿನ ಕಾಯಿಲೆಯ ಆರಂಭ ಇರಬಹುದು. ಇಪ್ಪತ್ತೊಂದರ ಎಣಿಕೆ ನನಗೆ ಸ್ವಲ್ಪ ಚಿಂತೆ ಹುಟ್ಟಿಸಿದೆ. ಸತ್ಯ ಹೇಳಿ, ಫೋನಿನ ದಿನ ಗೊತ್ತುಮಾಡಿ ಒಂದೂವರೆ ತಿಂಗಳಾದರೂ ಅದು ಸಡಿಲವಾಗದಿದ್ದರೆ ಕಾಯಬೇಡಿ. ಶಕ್ತಿಯನ್ನು ಪರೀಕ್ಷಿಸಲು ಎತ್ತರದಿಂದ ಹಾರುವ, ನೀರಿಗಿಳಿಯುವ ಮಾತಾಡಿದರೆ, ಯಾರದೋ ದನಿ ಹೀಗೆ ಮಾಡೆಂದು ಹೇಳುತ್ತಿದೆ ಎಂದರೆ, ಸಾಯುವ ಮಾತು ಬಂದರೆ, ಅದೇ ದಿನ ಕರೆದೊಯ್ಯಿರಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಜಿಲ್ಲಾ ಆಸ್ಪತ್ರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಸಿಗುತ್ತದೆ.

ಶಾಲೆಯ ಟೀಚರಿಗೆ ಮನೆಯ ಪರಿಸ್ಥಿತಿಯನ್ನು ಎರಡು ಮಾತಿನಲ್ಲಿ ತಿಳಿಸಿ. ಶಕ್ತಿಯ ಕಥೆ ಅಲ್ಲಿ ಬೇಡ.

ಕಡೆಯದಾಗಿ, ನೀವು ಕೇಳದ ವಿಷಯ. ಮಗು ಯಾರ ಬಳಿ ಇರಬೇಕೆಂಬ ತಕರಾರು ನ್ಯಾಯಾಲಯಕ್ಕೆ ಹೋದರೆ, ಮಗುವಿಗೆ ತಿಳಿವಳಿಕೆ ಬಂದಿದೆ ಎಂದು ಕಂಡಲ್ಲಿ ಅದರ ಇಷ್ಟವನ್ನೂ ನ್ಯಾಯಾಧೀಶರು ಪರಿಗಣಿಸಬಹುದು. 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಅಂತಹ ದಿನ ಬಂದರೆ ಯಾರಾದರೂ ನೆಂಟರು ಅವಳನ್ನು ಪಕ್ಕಕ್ಕೆ ಕರೆದು ‘ಎಲ್ಲ ನಿನ್ನ ಬಾಯಲ್ಲಿದೆ, ಸರಿಯಾಗಿ ಹೇಳು’ ಎನ್ನುತ್ತಾರೆ. ಅವರಿಗೆ ಮುಂಚಿತವಾಗಿಯೇ ತಾಕೀತು ಮಾಡಿ. ಅವಳಿಗೆ, ‘ನಿನಗೆ ಅನಿಸಿದ್ದನ್ನು ಹೇಳು, ಏನೂ ಹೇಳಬೇಕೆನಿಸದಿದ್ದರೆ ಸುಮ್ಮನಿರು, ತೀರ್ಮಾನ ಮಾಡುವವರು ನ್ಯಾಯಾಧೀಶರು’ ಎನ್ನಿ. ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯುವುದಾದರೆ ಮಗುವಿನ ವಾಸ, ಭೇಟಿ, ಫೋನಿನ ದಿನ, ರಜೆ, ಇವನ್ನೆಲ್ಲ ಒಪ್ಪಂದದಲ್ಲೇ ಬರೆಸಿಬಿಡಿ. ವಕೀಲರು ಅದನ್ನು ಚಿಲ್ಲರೆ ವಿಷಯವೆಂದರೆ ಒಪ್ಪಬೇಡಿ.